ಸಂಸತ್ತಿನ ಕಾರ್ಯವಿಧಾನವನ್ನು ಅಂತರ್ಜಾಲದ ಮೂಲಕ ತಿಳಿಯುವುದು ಹೇಗೆ? ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಭೂಮಿ, ಮನೆ ನಿವೇಶನ, ಅರಣ್ಯ ಹಕ್ಕು ಮುಂತಾದ ವಿಷಯಗಳಲ್ಲಿ ಅರ್ಜಿ ಸಲ್ಲಿಸಿದ ನಾಗರಿಕರಿಗೆ ಕಚೇರಿಗಳಿಂದ ಹಿಂಬರಹ ನೀಡಲಾಗುತ್ತದೆ. ಅರ್ಜಿ ತಿರಸ್ಕೃತವಾದಲ್ಲಿ ಯಾವ ಕಾಯಿದೆಯ ಯಾವ ಪ್ರಕರಣದ ಅನ್ವಯ ಹಾಗಾಯಿತು ಎಂಬುದನ್ನು ಹಿಂಬರಹದಲ್ಲಿ ನಮೂದಿಸಿರಲಾಗುತ್ತದೆ. ಆದರೆ ಆ ಕಾಯಿದೆಯನ್ನು ಯಾರು, ಯಾವಾಗ, ಯಾವ ಉದ್ದೇಶದಿಂದ ರಚಿಸಿದರು, ಅದನ್ನು ಬದಲಾಯಿಸುವ ಅಧಿಕಾರ ಯಾರಿಗಿದೆ ಎಂಬುದು ಬಹುತೇಕ ಅರ್ಜಿದಾರರಿಗೆ ತಿಳಿದಿರುವುದಿಲ್ಲ. ಇದರಿಂದಾಗಿ ದೆಹಲಿಯಲ್ಲಿ ತೀರ್ಮಾನವಾಗಬೇಕಾದ ವಿಷಯಕ್ಕೆ ತಾಲ್ಲೂಕು ಕಚೇರಿಗೆ ಅಲೆಯುವುದೂ, ಗ್ರಾಮಸಭೆಯಲ್ಲಿಯೇ ತೀರ್ಮಾನವಾಗಬಹುದಾದ ವಿಷಯಕ್ಕೆ ದೆಹಲಿಗೆ ಪತ್ರ ಬರೆಯುವುದೂ ನಡೆಯುತ್ತದೆ.

ಸಂಸತ್ತಿನ ಕಲಾಪ, ವಿಧೇಯಕ, ಸಮಿತಿ ವರದಿ ಹಾಗೂ ಪ್ರಶ್ನೋತ್ತರಗಳು ಈಗ ಅಂತರ್ಜಾಲದಲ್ಲಿ ಉಚಿತವಾಗಿ ಲಭ್ಯವಿವೆ. ಅವುಗಳನ್ನು ಓದಿ ತಮ್ಮ ಕಡತಕ್ಕೆ ಸಂಬಂಧಿಸಿದ ಕಾನೂನಿನ ಮೂಲವನ್ನು ಅರ್ಜಿದಾರರು ತಾವೇ ಕಂಡುಕೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ. ಮಲೆನಾಡಿನ ಮೂರು ತಾಲ್ಲೂಕುಗಳಿಗೆ ಸಂಬಂಧಿಸಿದ ಕಾನೂನುಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

1. ಯಾವ ವಿಷಯ ಯಾವ ಶಾಸನಸಭೆಗೆ ಸೇರಿದ್ದು?

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ ಮತ್ತು ಸಮವರ್ತಿ ಪಟ್ಟಿ ಎಂಬ ಮೂರು ಪಟ್ಟಿಗಳಿವೆ. ಭೂಮಿ ಮತ್ತು ಗೇಣಿ ರಾಜ್ಯ ಪಟ್ಟಿಗೆ ಸೇರಿದ ವಿಷಯಗಳು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹದ ಬೇಡಿಕೆಗಳಿಗೆ ಶಾಸನದ ಮೂಲಕ ಉತ್ತರ ದೊರೆಯಬೇಕಾಗಿದ್ದುದು ರಾಜ್ಯ ವಿಧಾನಮಂಡಲದಲ್ಲಿ. 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದಲೂ ಮುಂದೆ ತೀರ್ಥಹಳ್ಳಿ ಕ್ಷೇತ್ರದಿಂದಲೂ ಆಯ್ಕೆಯಾದ ಶಾಂತವೇರಿ ಗೋಪಾಲಗೌಡರು ಗೇಣಿದಾರರ ಪ್ರಶ್ನೆಯನ್ನು ಎತ್ತಿದ್ದು ವಿಧಾನಸಭೆಯಲ್ಲಿಯೇ. ಉಳುವವನೇ ಒಡೆಯನೆಂಬ ತತ್ವವನ್ನು ಜಾರಿಗೆ ತಂದ ಭೂಸುಧಾರಣಾ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಯಾಯಿತು. ಅದೂ ರಾಜ್ಯದ ಶಾಸನವೇ ಆಗಿದೆ.

ಅರಣ್ಯದ ಸ್ಥಿತಿ ಬೇರೆ. ಮೊದಲು ರಾಜ್ಯ ಪಟ್ಟಿಯಲ್ಲಿದ್ದ ಅರಣ್ಯವನ್ನು 1976ರ 42ನೆಯ ಸಂವಿಧಾನ ತಿದ್ದುಪಡಿಯ ಮೂಲಕ ಸಮವರ್ತಿ ಪಟ್ಟಿಗೆ ವರ್ಗಾಯಿಸಲಾಯಿತು. ತದನಂತರ ಸಂಸತ್ತು ಅರಣ್ಯ (ಸಂರಕ್ಷಣಾ) ಕಾಯಿದೆ, 1980ನ್ನು ಅಂಗೀಕರಿಸಿತು. ಮೀಸಲು ಅರಣ್ಯವನ್ನು ಕೈಬಿಡುವುದಕ್ಕೆ ಅಥವಾ ಅರಣ್ಯ ಭೂಮಿಯನ್ನು ಅರಣ್ಯೇತರ ಉದ್ದೇಶಕ್ಕೆ ಬಳಸುವುದಕ್ಕೆ ಕೇಂದ್ರ ಸರ್ಕಾರದ ಪೂರ್ವಾನುಮೋದನೆ ಕಡ್ಡಾಯವೆಂದು ಅದರ 2ನೆಯ ಪ್ರಕರಣ ವಿಧಿಸುತ್ತದೆ.

ಈ ವ್ಯತ್ಯಾಸದ ಪರಿಣಾಮ ಶರಾವತಿ ಮುಳುಗಡೆ ಸಂತ್ರಸ್ತರ ವಿಷಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಮನೆ ಜಮೀನು ಕಳೆದುಕೊಂಡ ಕುಟುಂಬಗಳು ಅದಕ್ಕೂ ಮೊದಲೇ ಬೇರೆಡೆ ಹೋಗಿ ನೆಲೆಸಿದವು. ಅವು ನೆಲೆಸಿದ ಜಮೀನು ಅನೇಕ ಕಡೆ ದಾಖಲೆಯಲ್ಲಿ ಅರಣ್ಯವೆಂದೇ ಉಳಿಯಿತು. 1980ರ ನಂತರ ಅದನ್ನು ಕಂದಾಯ ಭೂಮಿಯನ್ನಾಗಿ ಮಾಡಲು ರಾಜ್ಯದ ಆದೇಶವೊಂದೇ ಸಾಲದಾಯಿತು. ಸಂತ್ರಸ್ತರಿಗಾಗಿ ಅರಣ್ಯ ಭೂಮಿಯನ್ನು ಬಿಡುಗಡೆಗೊಳಿಸಿ ರಾಜ್ಯವು ಹೊರಡಿಸಿದ್ದ ಅಧಿಸೂಚನೆಯನ್ನು, ಕೇಂದ್ರದ ಪೂರ್ವಾನುಮೋದನೆ ಪಡೆದಿಲ್ಲವೆಂಬ ಕಾರಣದಿಂದ, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ರದ್ದುಪಡಿಸಿತು.

ಆದ್ದರಿಂದ ಅರ್ಜಿದಾರರು ಮೊದಲು ತಮ್ಮ ವಿಷಯ ಯಾವ ಶಾಸನಕ್ಕೆ ಸೇರಿದ್ದೆಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು:

ಅ) ನಮೂನೆ 50, 53 ಮತ್ತು 57ರ ಬಗರ್ ಹುಕುಂ ಅರ್ಜಿ, 94ಸಿ ಅಡಿಯ ಮನೆ ಸಕ್ರಮ, ಸೊಪ್ಪಿನ ಬೆಟ್ಟದ ಸವಲತ್ತು: ಇವು ಕರ್ನಾಟಕ ಭೂ ಕಂದಾಯ ಕಾಯಿದೆ, 1964ಕ್ಕೆ ಸೇರಿದವು, ಅಂದರೆ ರಾಜ್ಯ ವಿಧಾನಮಂಡಲದ ವ್ಯಾಪ್ತಿಯವು.

ಆ) ಅರಣ್ಯ ಭೂಮಿಯಲ್ಲಿ ವಾಸ ಮತ್ತು ಸಾಗುವಳಿ ಹಕ್ಕಿನ ಮಾನ್ಯತೆ: ಸಂಸತ್ತು ಅಂಗೀಕರಿಸಿದ ಅರಣ್ಯ ಹಕ್ಕು ಕಾಯಿದೆ, 2006.

ಇ) ಅರಣ್ಯ ಭೂಮಿಯ ಬಿಡುಗಡೆ: ಸಂಸತ್ತು ಅಂಗೀಕರಿಸಿದ 1980ರ ಕಾಯಿದೆ.

ಈ) ಪರಿಸರ ಸೂಕ್ಷ್ಮ ಪ್ರದೇಶದ ಘೋಷಣೆ: ಸಂಸತ್ತಿನ ಪರಿಸರ (ಸಂರಕ್ಷಣಾ) ಕಾಯಿದೆ, 1986ರ ಅಡಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸುವ ಅಧಿಸೂಚನೆ.

2. ವಿಧೇಯಕವು ಕಾಯಿದೆಯಾಗುವ ಕ್ರಮ

ಸಂಸತ್ತು ಎಂದರೆ ರಾಷ್ಟ್ರಪತಿ, ಲೋಕಸಭೆ ಮತ್ತು ರಾಜ್ಯಸಭೆ. ಲೋಕಸಭೆಯ 543 ಸ್ಥಾನಗಳಲ್ಲಿ 28 ಹಾಗೂ ರಾಜ್ಯಸಭೆಯಲ್ಲಿ 12 ಸ್ಥಾನಗಳು ಕರ್ನಾಟಕದವು. ಮೂರೂ ತಾಲ್ಲೂಕುಗಳು ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. 2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ ಹೊಸನಗರ ಪ್ರತ್ಯೇಕ ವಿಧಾನಸಭಾ ಕ್ಷೇತ್ರವಾಗಿ ಉಳಿದಿಲ್ಲ. ಅದರ ಭಾಗಗಳು ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳಲ್ಲಿ ಸೇರಿವೆ. ಹೊಸನಗರ ತಾಲ್ಲೂಕಿನ ಅರ್ಜಿದಾರರು ತಮ್ಮ ಗ್ರಾಮ ಯಾವ ಕ್ಷೇತ್ರದಲ್ಲಿದೆ ಎಂಬುದನ್ನು ಮತದಾರರ ಪಟ್ಟಿಯಿಂದ ತಿಳಿದುಕೊಳ್ಳಬಹುದು.

ವಿಧೇಯಕವೊಂದು ಮಂಡನೆ, ಅಗತ್ಯವಿದ್ದಲ್ಲಿ ಸಮಿತಿಯ ಪರಿಶೀಲನೆ, ಖಂಡವಾರು ಚರ್ಚೆ, ಅಂಗೀಕಾರ, ಇನ್ನೊಂದು ಸದನದ ಅಂಗೀಕಾರ, ರಾಷ್ಟ್ರಪತಿಯವರ ಅಂಕಿತ, ರಾಜಪತ್ರದಲ್ಲಿ ಪ್ರಕಟಣೆ ಎಂಬ ಹಂತಗಳನ್ನು ದಾಟುತ್ತದೆ. ಜಾರಿಯ ದಿನಾಂಕವನ್ನು ಕೆಲವೊಮ್ಮೆ ಪ್ರತ್ಯೇಕ ಅಧಿಸೂಚನೆಯ ಮೂಲಕ ನಿಗದಿಪಡಿಸಲಾಗುತ್ತದೆ.

ಅರಣ್ಯ ಹಕ್ಕು ಕಾಯಿದೆ ಈ ಹಂತಗಳನ್ನು ದಾಟಿದ ಬಗೆ ಹೀಗಿದೆ. ವಿಧೇಯಕವನ್ನು 2005ರ ಡಿಸೆಂಬರ್ 13ರಂದು ಲೋಕಸಭೆಯಲ್ಲಿ ಮಂಡಿಸಲಾಯಿತು. ಮಂಡಿಸಿದ ರೂಪದಲ್ಲಿ ಅದು ಪರಿಶಿಷ್ಟ ಪಂಗಡದ ಅರಣ್ಯವಾಸಿಗಳಿಗೆ ಮಾತ್ರ ಅನ್ವಯವಾಗುತ್ತಿತ್ತು; ಭೂಮಿಯ ಅನುಭವಕ್ಕೆ 1980ರ ಅಕ್ಟೋಬರ್ 25 ಗಡುವಾಗಿತ್ತು. ವಿಧೇಯಕವನ್ನು ಎರಡೂ ಸದನಗಳ ಸದಸ್ಯರಿದ್ದ ಜಂಟಿ ಸಮಿತಿಗೆ ಒಪ್ಪಿಸಲಾಯಿತು. ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳನ್ನೂ ಸೇರಿಸುವಂತೆ ಮತ್ತು ಗಡುವನ್ನು 2005ರ ಡಿಸೆಂಬರ್ 13ಕ್ಕೆ ಮುಂದೂಡುವಂತೆ ಸಮಿತಿಯು 2006ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. 2006ರ ಡಿಸೆಂಬರ್‌ನಲ್ಲಿ ಉಭಯ ಸದನಗಳು ವಿಧೇಯಕವನ್ನು ಅಂಗೀಕರಿಸಿದವು; ಡಿಸೆಂಬರ್ 29ರಂದು ಅಂಕಿತ ದೊರೆಯಿತು; 2007ರ ಡಿಸೆಂಬರ್ 31ರಿಂದ ಕಾಯಿದೆ ಜಾರಿಗೆ ಬಂದಿತು; ನಿಯಮಗಳು 2008ರ ಜನವರಿ 1ರಂದು ಪ್ರಕಟವಾದವು.

ಅರ್ಜಿ ನಮೂನೆಗಳಲ್ಲಿಯೂ ಹಿಂಬರಹಗಳಲ್ಲಿಯೂ ಪದೇ ಪದೇ ಕಾಣುವ '13-12-2005' ಎಂಬ ದಿನಾಂಕವು ವಿಧೇಯಕ ಮಂಡನೆಯಾದ ದಿನವೇ ಆಗಿದೆ. ಮಲೆನಾಡಿನ ಪರಿಶಿಷ್ಟ ಪಂಗಡೇತರ ರೈತರು ಈ ಕಾಯಿದೆಯ ಅಡಿಯಲ್ಲಿ ಅರ್ಜಿ ಸಲ್ಲಿಸಲು ಸಾಧ್ಯವಾಗಿರುವುದು ಸಮಿತಿ ಹಂತದಲ್ಲಿ ಆದ ಬದಲಾವಣೆಯಿಂದ. ಈ ವಿವರಗಳೆಲ್ಲವೂ ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿರುವ ಸಮಿತಿ ವರದಿ ಹಾಗೂ ಚರ್ಚೆಯ ಸಂಪುಟಗಳಲ್ಲಿ ದೊರೆಯುತ್ತವೆ.

3. ಕಾಯಿದೆಯ ಮೂಲಪಠ್ಯವನ್ನೇ ಓದುವ ಅವಶ್ಯಕತೆ

ಇತರ ಪಾರಂಪರಿಕ ಅರಣ್ಯವಾಸಿಗಳ ವಿಷಯದಲ್ಲಿ 'ಎಪ್ಪತ್ತೈದು ವರ್ಷದ ದಾಖಲೆ' ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದೇ ಜಮೀನನ್ನು ಎಪ್ಪತ್ತೈದು ವರ್ಷಗಳಿಂದ ಸಾಗುವಳಿ ಮಾಡಿರಬೇಕೆಂದು ಅನೇಕರು ಭಾವಿಸಿ ಅರ್ಜಿಯನ್ನೇ ಕೈಬಿಟ್ಟಿರುತ್ತಾರೆ. ಕಾಯಿದೆಯ ಪಠ್ಯವನ್ನು ಓದಿದಲ್ಲಿ ಎರಡು ಷರತ್ತುಗಳು ಬೇರೆ ಬೇರೆಯಾಗಿರುವುದು ಕಂಡುಬರುತ್ತದೆ:

ಅ) 2ನೆಯ ಪ್ರಕರಣದ (ಒ) ಖಂಡ: 13-12-2005ಕ್ಕೆ ಹಿಂದಿನ ಕನಿಷ್ಠ ಮೂರು ತಲೆಮಾರುಗಳಿಂದ ಮುಖ್ಯವಾಗಿ ಅರಣ್ಯದಲ್ಲಿ ವಾಸಿಸಿ, ನಿಜವಾದ ಜೀವನೋಪಾಯಕ್ಕೆ ಅರಣ್ಯ ಅಥವಾ ಅರಣ್ಯ ಭೂಮಿಯನ್ನು ಅವಲಂಬಿಸಿರಬೇಕು. ಒಂದು ತಲೆಮಾರು ಎಂದರೆ 25 ವರ್ಷ. ಇದು ವಾಸ ಮತ್ತು ಅವಲಂಬನೆಗೆ ಸಂಬಂಧಿಸಿದ ಷರತ್ತು.

ಆ) 4ನೆಯ ಪ್ರಕರಣದ (3)ನೆಯ ಉಪಪ್ರಕರಣ: ಹಕ್ಕು ಕೋರಿದ ಭೂಮಿಯು 13-12-2005ಕ್ಕೆ ಮುಂಚಿತವಾಗಿ ಅನುಭವದಲ್ಲಿರಬೇಕು. ಇದು ಜಮೀನಿಗೆ ಸಂಬಂಧಿಸಿದ ಷರತ್ತು.

ಮುಳುಗಡೆಯಿಂದ ಸ್ಥಳಾಂತರಗೊಂಡ ಕುಟುಂಬಗಳಿಗೆ ಈ ವ್ಯತ್ಯಾಸ ಮಹತ್ವದ್ದಾಗಿದೆ. ಸ್ಥಳಾಂತರದ ನಂತರ ದೊರೆತ ಜಮೀನಿನಲ್ಲಿ 2005ಕ್ಕೆ ಎಪ್ಪತ್ತೈದು ವರ್ಷ ತುಂಬಿರಲು ಸಾಧ್ಯವಿಲ್ಲ. ಆದ್ದರಿಂದ ಮುಳುಗಡೆಗೆ ಮುನ್ನ ಹಿರಿಯರು ವಾಸಿಸುತ್ತಿದ್ದ ಗ್ರಾಮದ ದಾಖಲೆಗಳನ್ನೂ, ಸ್ಥಳಾಂತರದ ಆದೇಶ ಮತ್ತು ಪರಿಹಾರದ ಪತ್ರಗಳನ್ನೂ ಜೋಪಾನವಾಗಿಟ್ಟು ಅರ್ಜಿಯೊಂದಿಗೆ ಲಗತ್ತಿಸುವುದು ಸೂಕ್ತ. ಅವುಗಳನ್ನು ಎಷ್ಟರಮಟ್ಟಿಗೆ ಪುರಾವೆಯಾಗಿ ಪರಿಗಣಿಸಬೇಕೆಂಬುದು ಗ್ರಾಮಸಭೆ ಮತ್ತು ಸಮಿತಿಗಳ ತೀರ್ಮಾನಕ್ಕೆ ಒಳಪಟ್ಟಿರುತ್ತದೆ. 2008ರ ನಿಯಮಗಳ 13ನೆಯ ನಿಯಮವು ಸರ್ಕಾರಿ ದಾಖಲೆಗಳಲ್ಲದೆ, ಅರ್ಜಿದಾರರಲ್ಲದ ಹಿರಿಯರು ನೀಡಿ ಬರಹಕ್ಕಿಳಿಸಿದ ಹೇಳಿಕೆಯನ್ನೂ ಪುರಾವೆಗಳ ಪಟ್ಟಿಯಲ್ಲಿ ಸೇರಿಸಿದೆ. ಮುಳುಗಡೆಗೆ ಮುನ್ನಿನ ಊರನ್ನು ಕಂಡ ಹಿರಿಯರು ದಿನೇ ದಿನೇ ಕಡಿಮೆಯಾಗುತ್ತಿರುವುದರಿಂದ ಈ ಹೇಳಿಕೆಗಳನ್ನು ವಿಳಂಬವಿಲ್ಲದೆ ಪಡೆಯುವುದು ಒಳಿತು.

4. ಸಮಿತಿ ಹಂತದಲ್ಲಿ ಸಾರ್ವಜನಿಕರಿಗೆ ಅವಕಾಶ

ಸಮಿತಿಗೆ ಒಪ್ಪಿಸಲಾದ ವಿಧೇಯಕಗಳ ಬಗ್ಗೆ ಸಾರ್ವಜನಿಕರಿಂದ ಲಿಖಿತ ಸಲಹೆಗಳನ್ನು ಆಹ್ವಾನಿಸುವ ಪದ್ಧತಿ ಇದೆ. ಅರಣ್ಯ (ಸಂರಕ್ಷಣಾ) ತಿದ್ದುಪಡಿ ವಿಧೇಯಕವನ್ನು 2023ರ ಮಾರ್ಚ್ 29ರಂದು ಲೋಕಸಭೆಯಲ್ಲಿ ಮಂಡಿಸಿ ಜಂಟಿ ಸಮಿತಿಗೆ ಒಪ್ಪಿಸಲಾಯಿತು. ಸಮಿತಿಯು ಸಲಹೆಗಳನ್ನು ಆಹ್ವಾನಿಸಿತು. ಅದರ ವರದಿ ಜುಲೈ 20ರಂದು ಮಂಡನೆಯಾಯಿತು. ಲೋಕಸಭೆ ಜುಲೈ 26ರಂದು, ರಾಜ್ಯಸಭೆ ಆಗಸ್ಟ್ 2ರಂದು ವಿಧೇಯಕವನ್ನು ಅಂಗೀಕರಿಸಿದವು. 2023ರ ಡಿಸೆಂಬರ್ 1ರಿಂದ ಜಾರಿಯಾದ ಈ ತಿದ್ದುಪಡಿಯಿಂದ ಮೂಲ ಕಾಯಿದೆಯ ಹೆಸರು 'ವನ (ಸಂರಕ್ಷಣ್ ಏವಂ ಸಂವರ್ಧನ್) ಅಧಿನಿಯಮ, 1980' ಎಂದು ಬದಲಾಗಿದೆ. ಹಿಂಬರಹಗಳಲ್ಲಿ ಹಳೆಯ ಅಥವಾ ಹೊಸ ಹೆಸರು ಕಂಡುಬಂದಲ್ಲಿ ಎರಡೂ ಒಂದೇ ಕಾಯಿದೆ ಎಂದು ತಿಳಿಯತಕ್ಕದ್ದು.

ಮಂಡನೆಯಿಂದ ಅಂಗೀಕಾರದವರೆಗೆ ಇಲ್ಲಿ ಸುಮಾರು ನಾಲ್ಕು ತಿಂಗಳು ಮಾತ್ರ ದೊರೆಯಿತು ಎಂಬುದನ್ನು ಗಮನಿಸಬೇಕು. ಕಾಯಿದೆಯಾದ ನಂತರ ತಿಳಿದವರು ಅಭಿಪ್ರಾಯ ಸಲ್ಲಿಸುವ ಅವಕಾಶವನ್ನು ಕಳೆದುಕೊಂಡಿರುತ್ತಾರೆ. ತಮಗೆ ಸಂಬಂಧಿಸಿದ ವಿಧೇಯಕಗಳ ಪಟ್ಟಿಯನ್ನು ಪ್ರತಿ ಅಧಿವೇಶನದ ಆರಂಭದಲ್ಲಿ ನೋಡುವ ಅಭ್ಯಾಸ ಇದಕ್ಕೆ ಪರಿಹಾರವಾಗಿದೆ. ಸಾಮಾನ್ಯವಾಗಿ ವರ್ಷಕ್ಕೆ ಆಯವ್ಯಯ, ಮುಂಗಾರು ಮತ್ತು ಚಳಿಗಾಲದ ಅಧಿವೇಶನಗಳೆಂದು ಮೂರು ಅಧಿವೇಶನಗಳು ನಡೆಯುತ್ತವೆ.

5. ಸಂಸತ್ತಿನಲ್ಲಿ ಚರ್ಚೆಯಾಗದೆ ಬರುವ ಆದೇಶಗಳು

ಎಲ್ಲ ಕಾನೂನುಗಳೂ ವಿಧೇಯಕದ ರೂಪದಲ್ಲಿ ಬರುವುದಿಲ್ಲ. ಕಾಯಿದೆಯಲ್ಲಿ ನೀಡಿದ ಅಧಿಕಾರದಂತೆ ಸರ್ಕಾರವು ನಿಯಮ ಮತ್ತು ಅಧಿಸೂಚನೆಗಳನ್ನು ಹೊರಡಿಸುತ್ತದೆ. ಇದನ್ನು ಅಧೀನ ಶಾಸನವೆಂದು ಕರೆಯಲಾಗುತ್ತದೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಇದಕ್ಕೆ ಉದಾಹರಣೆ. 2014ರ ಮಾರ್ಚ್‌ನಲ್ಲಿ ಮೊದಲ ಕರಡು ಪ್ರಕಟವಾಯಿತು. ಆರನೆಯ ಕರಡು 2024ರ ಜುಲೈ 31ರಂದು ಪ್ರಕಟವಾಯಿತು. ಇದರಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶ ಸೇರಿದ್ದು, ಮೂರೂ ತಾಲ್ಲೂಕುಗಳ ಅನೇಕ ಗ್ರಾಮಗಳ ಹೆಸರು ಅದರ ಪಟ್ಟಿಯಲ್ಲಿವೆ. ಆಕ್ಷೇಪಣೆ ಸಲ್ಲಿಸಲು ಪ್ರಕಟಣೆಯಿಂದ 60 ದಿನಗಳ ಕಾಲಾವಕಾಶ ನೀಡಲಾಗಿತ್ತು.

ಇಂತಹ ಕರಡುಗಳನ್ನು ಭಾರತದ ರಾಜಪತ್ರದಲ್ಲಿ ಪ್ರಕಟಿಸಲಾಗುತ್ತದೆ. ಗ್ರಾಮದ ಹೆಸರು ಪಟ್ಟಿಯಲ್ಲಿದೆಯೇ ಎಂಬುದನ್ನು ಇ-ಗೆಜೆಟ್ ಜಾಲತಾಣದಲ್ಲಿ ನೇರವಾಗಿ ಪರಿಶೀಲಿಸಿದಲ್ಲಿ ವದಂತಿಗಳನ್ನು ನಂಬುವ ಪ್ರಮೇಯ ಬರುವುದಿಲ್ಲ, 60 ದಿನಗಳ ಅವಧಿಯೂ ವ್ಯರ್ಥವಾಗುವುದಿಲ್ಲ.

6. ಪ್ರಶ್ನೋತ್ತರಗಳ ಉಪಯೋಗ

ಸದಸ್ಯರು ಸಚಿವರಿಗೆ ಕೇಳುವ ಪ್ರಶ್ನೆಗಳಲ್ಲಿ ಎರಡು ವಿಧ. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಮೌಖಿಕ ಉತ್ತರ ನೀಡಲಾಗುತ್ತದೆ. ಅದರ ಮೇಲೆ ಪೂರಕ ಪ್ರಶ್ನೆ ಕೇಳಬಹುದು. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ಒಂದು ದಿನದ ಪಟ್ಟಿಯಲ್ಲಿ 20 ಚುಕ್ಕೆ ಗುರುತಿನ ಮತ್ತು 230 ಚುಕ್ಕೆ ರಹಿತ ಪ್ರಶ್ನೆಗಳಿಗೆ ಅವಕಾಶವಿದೆ. ಲೋಕಸಭೆಯಲ್ಲಿ ಪ್ರಶ್ನೋತ್ತರ ಅವಧಿ ಬೆಳಿಗ್ಗೆ 11ಕ್ಕೂ, ರಾಜ್ಯಸಭೆಯಲ್ಲಿ ಮಧ್ಯಾಹ್ನ 12ಕ್ಕೂ ಆರಂಭವಾಗುತ್ತದೆ.

ಲಿಖಿತ ಉತ್ತರಗಳು ಅರ್ಜಿದಾರರಿಗೆ ಬಹಳ ಉಪಯುಕ್ತ. ಅರಣ್ಯ ಹಕ್ಕು ಅರ್ಜಿಗಳ ರಾಜ್ಯವಾರು ಅಂಕಿಅಂಶಗಳನ್ನು ಸರ್ಕಾರವು ಇಂತಹ ಉತ್ತರಗಳ ಅನುಬಂಧದಲ್ಲಿ ನೀಡುತ್ತದೆ. ಸದನದಲ್ಲಿ ನೀಡಿದ ಉತ್ತರವು ಅಧಿಕೃತ ದಾಖಲೆಯಾದುದರಿಂದ ಅದರ ಸಂಖ್ಯೆ ಮತ್ತು ದಿನಾಂಕವನ್ನು ಮನವಿಯಲ್ಲಿ ಉಲ್ಲೇಖಿಸಬಹುದು.

7. ಉಪಯುಕ್ತ ಜಾಲತಾಣಗಳು

ಅ) ಸಂಸದ್ ಡಾಟ್ ಇನ್: ಉಭಯ ಸದನಗಳ ಅಧಿಕೃತ ಜಾಲತಾಣ. ಸದಸ್ಯರು, ವಿಧೇಯಕಗಳು, ಪ್ರಶ್ನೆಗಳು, ಚರ್ಚೆಗಳು, ಸಮಿತಿಗಳು ಎಂಬ ವಿಭಾಗಗಳಿವೆ.

ಆ) ಸಂಸತ್ತಿನ ಡಿಜಿಟಲ್ ಗ್ರಂಥಾಲಯ: ಸಂವಿಧಾನ ರಚನಾ ಸಭೆಯ ಚರ್ಚೆಗಳು, 1952ರಿಂದ ಮೊದಲ್ಗೊಂಡು ಲೋಕಸಭೆಯ ಚರ್ಚೆಗಳು ಮತ್ತು ಸಮಿತಿ ವರದಿಗಳು.

ಇ) ಸಂಸದ್ ಟಿವಿ: ಲೋಕಸಭಾ ಮತ್ತು ರಾಜ್ಯಸಭಾ ವಾಹಿನಿಗಳನ್ನು ವಿಲೀನಗೊಳಿಸಿ 2021ರ ಸೆಪ್ಟೆಂಬರ್ 15ರಂದು ಆರಂಭಿಸಲಾದ ವಾಹಿನಿ. ಕಲಾಪದ ನೇರ ಪ್ರಸಾರವನ್ನು ಅಂತರ್ಜಾಲದಲ್ಲಿಯೂ ವೀಕ್ಷಿಸಬಹುದು.

ಈ) ಇಂಡಿಯಾ ಕೋಡ್: ಕೇಂದ್ರ ಮತ್ತು ರಾಜ್ಯ ಕಾಯಿದೆಗಳ ಪಠ್ಯ.

ಉ) ಇ-ಗೆಜೆಟ್: ಭಾರತದ ರಾಜಪತ್ರ.

ಊ) ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣ: ರಾಜ್ಯದ ಕಾಯಿದೆಗಳು ಹಾಗೂ ಕೆಲವು ಕೇಂದ್ರ ಕಾಯಿದೆಗಳ ಕನ್ನಡ ಪಠ್ಯ.

ಋ) ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್: 2005ರಲ್ಲಿ ಆರಂಭವಾದ ಸರ್ಕಾರೇತರ ಸಂಸ್ಥೆ. ವಿಧೇಯಕಗಳ ಸಾರಾಂಶ ಮತ್ತು ಅವು ಯಾವ ಹಂತದಲ್ಲಿವೆ ಎಂಬ ವಿವರವನ್ನು ನೀಡುತ್ತದೆ. ಅಧಿಕೃತ ಪಠ್ಯಕ್ಕೆ ಮೇಲಿನ ಸರ್ಕಾರಿ ತಾಣಗಳನ್ನೇ ನೋಡತಕ್ಕದ್ದು.

8. ಹುಡುಕುವ ಕ್ರಮ

(1) ಹಿಂಬರಹದಲ್ಲಿರುವ ಕಾಯಿದೆಯ ಹೆಸರು, ವರ್ಷ ಮತ್ತು ಪ್ರಕರಣವನ್ನು ಬರೆದುಕೊಳ್ಳುವುದು.

(2) ಇಂಡಿಯಾ ಕೋಡ್‌ನಲ್ಲಿ ಆ ಕಾಯಿದೆಯ ತಿದ್ದುಪಡಿ ಸಹಿತ ಪಠ್ಯವನ್ನು ತೆರೆದು ಪ್ರಕರಣವನ್ನು ಓದುವುದು.

(3) ಪ್ರಶ್ನೋತ್ತರ ವಿಭಾಗದಲ್ಲಿ ಸಚಿವಾಲಯವನ್ನು ಆರಿಸುವುದು. ಅರಣ್ಯ ಹಕ್ಕು ಕಾಯಿದೆಯು ಬುಡಕಟ್ಟು ವ್ಯವಹಾರಗಳ ಸಚಿವಾಲಯಕ್ಕೆ ಸೇರಿದ್ದು, ಪರಿಸರ ಮತ್ತು ಅರಣ್ಯ ಸಚಿವಾಲಯಕ್ಕಲ್ಲ. ಈ ವ್ಯತ್ಯಾಸ ತಿಳಿಯದೆ ಹುಡುಕಿದಲ್ಲಿ ಉತ್ತರ ದೊರೆಯದೆ ಹೋಗಬಹುದು.

(4) ಹಳೆಯ ದಾಖಲೆಗಳಲ್ಲಿ ಜಿಲ್ಲೆಯ ಹೆಸರು ಇಂಗ್ಲಿಷ್‌ನಲ್ಲಿ 'ಶಿಮೊಗ' ಎಂದಿದೆ. 'ಶಿವಮೊಗ್ಗ' ಎಂಬ ರೂಪ 2014ರ ನವೆಂಬರ್ 1ರಿಂದ ಬಳಕೆಗೆ ಬಂದಿದೆ. 1973ಕ್ಕೆ ಮುಂಚಿನ ದಾಖಲೆಗಳಲ್ಲಿ ರಾಜ್ಯದ ಹೆಸರು ಮೈಸೂರು. ಎರಡೂ ರೂಪಗಳಲ್ಲಿ ಹುಡುಕುವುದು.

(5) ದೊರೆತ ದಾಖಲೆಯನ್ನು ಕಡತರೂಪದಲ್ಲಿ ಇಳಿಸಿಕೊಂಡು ಸಂಖ್ಯೆ ಹಾಗೂ ದಿನಾಂಕವನ್ನು ಗುರುತು ಹಾಕಿಕೊಳ್ಳುವುದು.

ಮಳೆಗಾಲದಲ್ಲಿ ವಿದ್ಯುತ್ ಮತ್ತು ದೂರವಾಣಿ ಸಂಪರ್ಕ ಕಡಿತಗೊಳ್ಳುವ ಗ್ರಾಮಗಳವರು ತಾಲ್ಲೂಕು ಕೇಂದ್ರಕ್ಕೆ ಬಂದಾಗ ಅಗತ್ಯ ದಾಖಲೆಗಳನ್ನು ಇಳಿಸಿಕೊಂಡು ಮುದ್ರಿಸಿಟ್ಟುಕೊಳ್ಳುವುದು ಉತ್ತಮ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಂಸತ್ತಿನ ದಾಖಲೆಗಳು ಕನ್ನಡದಲ್ಲಿ ದೊರೆಯುತ್ತವೆಯೇ?
ಉತ್ತರ: ದಾಖಲೆಗಳು ಮುಖ್ಯವಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ. ಆದರೆ ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ನೀಡಿದೆ.

ಪ್ರಶ್ನೆ: ನಾಗರಿಕರು ಲೋಕಸಭೆಗೆ ನೇರವಾಗಿ ಅರ್ಜಿ ಸಲ್ಲಿಸಬಹುದೇ?
ಉತ್ತರ: ಹೌದು. ಲೋಕಸಭೆಯಲ್ಲಿ 15 ಸದಸ್ಯರ ಅರ್ಜಿಗಳ ಸಮಿತಿ ಇದೆ. ಅರ್ಜಿಗೆ ಸಹಿ ಇರಬೇಕು. ಅದು ಹಿಂದಿ ಅಥವಾ ಇಂಗ್ಲಿಷ್‌ನಲ್ಲಿರಬೇಕು ಅಥವಾ ಅನುವಾದವನ್ನು ಲಗತ್ತಿಸಿರಬೇಕು. ನ್ಯಾಯಾಲಯದ ವಿಚಾರಣೆಯಲ್ಲಿರುವ ವಿಷಯ ಮತ್ತು ಸಾಮಾನ್ಯವಾಗಿ ರಾಜ್ಯ ವಿಧಾನಮಂಡಲದಲ್ಲಿ ಎತ್ತಬೇಕಾದ ವಿಷಯಗಳಿಗೆ ಅವಕಾಶವಿಲ್ಲ.

ಪ್ರಶ್ನೆ: ಪ್ರಶ್ನೆ ಕೇಳುವಂತೆ ಸಂಸದರನ್ನು ಕೋರಬಹುದೇ?
ಉತ್ತರ: ಕೋರಬಹುದು. ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ 15 ದಿನಗಳ ಮುಂಚಿತ ಸೂಚನೆ ಬೇಕಾಗಿರುವುದರಿಂದ ಅಧಿವೇಶನಕ್ಕೆ ಸಾಕಷ್ಟು ಮೊದಲೇ ವಿವರಗಳನ್ನು ಒದಗಿಸತಕ್ಕದ್ದು. ಪ್ರಶ್ನೆಯು ಕೇಂದ್ರ ಸರ್ಕಾರದ ಹೊಣೆಗೆ ಸೇರಿದ ವಿಷಯದ್ದಾಗಿರಬೇಕು.

ಪ್ರಶ್ನೆ: ಅರಣ್ಯ ಹಕ್ಕು ಅರ್ಜಿ ತಿರಸ್ಕೃತವಾದಲ್ಲಿ ಸಂಸದರಿಗೆ ಬರೆದರೆ ಸಾಕೇ?
ಉತ್ತರ: ಸಾಲದು. ಕಾಯಿದೆಯ 6ನೆಯ ಪ್ರಕರಣದಂತೆ ಗ್ರಾಮಸಭೆಯ ನಿರ್ಣಯದ ವಿರುದ್ಧ ಉಪವಿಭಾಗ ಮಟ್ಟದ ಸಮಿತಿಗೆ, ಅದರ ತೀರ್ಮಾನದ ವಿರುದ್ಧ ಜಿಲ್ಲಾ ಮಟ್ಟದ ಸಮಿತಿಗೆ, ತಲಾ 60 ದಿನಗಳೊಳಗೆ ಮೇಲರ್ಜಿ ಸಲ್ಲಿಸಬೇಕು. ಸಾಗರ ಮತ್ತು ಹೊಸನಗರ ತಾಲ್ಲೂಕುಗಳು ಸಾಗರ ಉಪವಿಭಾಗಕ್ಕೂ, ತೀರ್ಥಹಳ್ಳಿ ತಾಲ್ಲೂಕು ಶಿವಮೊಗ್ಗ ಉಪವಿಭಾಗಕ್ಕೂ ಸೇರಿವೆ. ಕಾನೂನಿನಲ್ಲಿ ಬದಲಾವಣೆ ಬೇಕೆಂಬ ಕೋರಿಕೆ ಸಂಸತ್ತಿಗೆ. ಜಾರಿಯಲ್ಲಿರುವ ಕಾನೂನಿನಂತೆ ಹಕ್ಕು ಬೇಕೆಂಬ ಕೋರಿಕೆ ಈ ಸಮಿತಿಗಳಿಗೆ. ಎರಡನ್ನೂ ಏಕಕಾಲದಲ್ಲಿ ಸಲ್ಲಿಸಬಹುದು. ಆದರೆ ಒಂದಕ್ಕಾಗಿ ಕಾಯುತ್ತ ಇನ್ನೊಂದರ ಅವಧಿಯನ್ನು ಮೀರಬಾರದು.

ಸೂಚನೆ: ಈ ಪುಟದ ಮಾಹಿತಿಯನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ ನೀಡಲಾಗಿದೆ. ಕಾಯಿದೆ, ನಿಯಮ ಮತ್ತು ಅಧಿಸೂಚನೆಗಳ ರಾಜಪತ್ರದ ಪಠ್ಯವೇ ಅಂತಿಮವಾಗಿರುತ್ತದೆ. ಅರ್ಜಿದಾರರು ಹಿಂಬರಹವನ್ನು ಪಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟುಕೊಳ್ಳಬೇಕೆಂದು ಕೋರಲಾಗಿದೆ.